ಮುಚ್ಚಿಗೆಯ ಮೇಲೆ ಹೋದ ದೋಟಿ

ಎರಡು ವರ್ಷದ ಹಿಂದಿನ ಮಾತು. ಕಡಬದ ಹತ್ತಿರದ ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ನಾನು ವಾರ್ಡನ್. ಉದ್ದಾನುದ್ದದ ಹಳೇ ಕಟ್ಟಡ, ಎರಡಡಿ ದಪ್ಪದ ಮುರಕಲ್ಲಿನ ಗೋಡೆ, ಮೇಲೆ ಹಂಚು, ಅದರಡಿ ಮರದ ಹಲಗೆಯ ಮುಚ್ಚಿಗೆ. ಆಫೀಸಿನ ವೈಫೈ ಮೂರನೇ ಕೋಣೆಗೇ ಸುಸ್ತು. ಮೊಬೈಲ್ ಸಿಗ್ನಲ್ಲಂತೂ ದೇವರಿಗೇ ಪ್ರೀತಿ.

ಆ ವಾರ ಸುಳ್ಯದ ಹುಡುಗಿ ಚೈತ್ರಾಳಿಗೆ ಚಿಕನ್‌ಪಾಕ್ಸ್ ಬಂತು. ಉಳಿದ ಮಕ್ಕಳಿಗೆ ತಗಲಬಾರದೆಂದು ಕಟ್ಟಡದ ಕಟ್ಟಕಡೆಯ ಕೋಣೆಯಲ್ಲಿ ಮಲಗಿಸಿದ್ದೆ. ಭಾನುವಾರ ಅವಳ ಒಬ್ಬಳೇ ಅಕ್ಕನ ಮದುವೆ. “ಧಾರೆಯಾದ್ರೂ ಫೋನಲ್ಲಿ ತೋರಿಸಿ ಮೇಡಂ” ಎಂದು ಅತ್ತಳು. ಹಿಂದುಮುಂದು ನೋಡದೆ ಮಾತು ಕೊಟ್ಟೆ.

ಶನಿವಾರ ಪುತ್ತೂರಿನಿಂದ ಇಂಟರ್‌ನೆಟ್‌ನವ ಬಂದು ಹೊರಗಿನಿಂದ ಕೇಬಲ್ ಎಳೆದು ಹೋದ. ಬೆಳಗಾಗುವಾಗ ಮಂಗಗಳು ಅದನ್ನು ನಾಲ್ಕು ಕಡೆ ತುಂಡು ಮಾಡಿದ್ದವು! ಮತ್ತೆ ಕರೆಸಿದೆ. “ಮುಚ್ಚಿಗೆಯ ಮೇಲಿಂದ ಎಳೆಯಬೇಕಷ್ಟೆ. ಆದ್ರೆ ಹಂಚಿನ ಅಡಿ ಮನುಷ್ಯ ನುಗ್ಗುವಷ್ಟು ಜಾಗ ಇಲ್ಲ” ಎಂದು ಆತ ಕೈಚೆಲ್ಲಿದ. ಧಾರೆಗೆ ಒಂದು ಗಂಟೆ ಉಳಿದಿತ್ತು.

ಪಕ್ಕದ ತೋಟದಲ್ಲಿ ಅಡಿಕೆ ಕೊಯ್ಯುತ್ತಿದ್ದ ದೇರಣ್ಣ ನೀರು ಕುಡಿಯಲು ಬಂದವರು ಕೇಳಿಸಿಕೊಂಡರು. “ನನ್ನ ದೋಟಿ ಹೋಗುದಿಲ್ವಾ?” ಎಂದರು. ನೆಲದಲ್ಲೇ ನಿಂತು ಮರದ ತುದಿಯ ಗೊನೆ ಕೊಯ್ಯುವ, ತುಂಡು ತುಂಡಾಗಿ ಉದ್ದ ಮಾಡುವ ಹಗುರದ ಕೋಲು ಅದು. ನನಗೆ ರೇಗಿತು. “ಇದು ಅಡಿಕೆ ಕೊಯ್ದ ಹಾಗಲ್ಲ ಮಾರಾಯ್ರೆ!”

“ಹೋಗದಿದ್ರೆ ವಾಪಸ್ ಎಳೆದ್ರಾಯ್ತು ಮೇಡಂ.”

ಆಫೀಸಿನ ಕಡೆಯಿಂದ ಏಣಿ ಹತ್ತಿ, ಕೇಬಲಿನ ತುದಿಯನ್ನು ದೋಟಿಗೆ ಕಟ್ಟಿ ಕತ್ತಲೊಳಗೆ ತೂರಿಸಿದರು. ಕಣ್ಣು ಮುಚ್ಚಿಕೊಂಡಿದ್ದರು. ತೊಲೆಗೆ ತಾಗಿದಾಗ ಒಂದಿಷ್ಟು ಹಿಂದೆಳೆದು, ಎತ್ತಿ, ಮತ್ತೆ ಮುಂದಕ್ಕೆ. “ತುದಿ ಎಲ್ಲಿ ಉಂಟು ಅಂತ ಕೈಗೆ ಗೊತ್ತಾಗ್ತದೆ” ಎಂದರು. ಒಂದೊಂದೇ ತುಂಡು ಸೇರಿಸುತ್ತಾ ಹೋದರು. ನಾನೂ ಇಂಟರ್‌ನೆಟ್‌ನವನೂ ಕೆಳಗಿನಿಂದ ಕೇಬಲ್ ಸಡಿಲ ಬಿಡುತ್ತಾ ನಿಂತಿದ್ದೆವು.

“ಬಂತು ಮೇಡಂ, ಬಂತು!” ಕೊನೆಯ ಕೋಣೆಯಿಂದ ಚೈತ್ರಾ ಕೂಗಿದಳು. ಓಡಿಹೋಗಿ ನೋಡಿದರೆ, ಅವಳ ಮಂಚದ ನೇರ ಮೇಲೆ, ಮುಚ್ಚಿಗೆಯ ಹಲಗೆ ಕಿತ್ತುಹೋದ ಸಂದಿಯಲ್ಲಿ ಕೇಬಲ್ ಇಣುಕುತ್ತಿತ್ತು. ಅಷ್ಟು ದೂರ, ಅಷ್ಟು ಕತ್ತಲು! ಹಿಂದೆಯೇ ಬಂದ ದೇರಣ್ಣ ಹೆಗಲ ಮೇಲಿನ ಬೈರಾಸಿನಿಂದ ಬೆವರೊರೆಸಿಕೊಂಡು, “ಗಾಳಿಗೆ ಅಲ್ಲಾಡುವ ಗೊನೆಗಿಂತ ಇದು ಸಲೀಸು” ಎಂದರು. ಅವರ ಮೇಲೆ ರೇಗಿದ್ದಕ್ಕೆ ನಾಚಿಕೆಯಾಯಿತು.

ಆ ಕೋಣೆಯಲ್ಲಿ ಇನ್ನೊಂದು ವೈಫೈ ಪೆಟ್ಟಿಗೆ ಕೂರಿಸಿ ವೀಡಿಯೊ ಕರೆ ಮಾಡುವಾಗ ಮಂಟಪದಲ್ಲಿ ವಾಲಗ ಶುರುವಾಗಿತ್ತು. ಚೈತ್ರಾ ಅಡುಗೆಮನೆಯಿಂದ ಒಂದು ಹಿಡಿ ಅಕ್ಕಿ ತರಿಸಿಕೊಂಡಳು. ಧಾರೆಯಾಗುತ್ತಲೇ ಅಕ್ಷತೆಯೆಂದು ಫೋನಿನ ಮೇಲೆ ಹಾಕಿದಳು. ಕಾಳುಗಳು ಪರದೆಗೆ ತಾಗಿ ಹಾಸಿಗೆಯ ಮೇಲೆ ಉದುರಿದವು. ಅತ್ತ, ಅಷ್ಟು ಜನರ ನಡುವೆ, ಮದುಮಗಳು ಫೋನಿನತ್ತ ತಿರುಗಿ ತಲೆ ಬಗ್ಗಿಸಿದಳು.

ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.