ಗಟ್ಟಿಯಾಗದ ಎಣ್ಣೆ

ನನ್ನ ಅತ್ತೆಯ ನಾಲಿಗೆ ಕೆಟ್ಟಿರಲಿಲ್ಲ, ಕೈಯೂ ಕೆಟ್ಟಿರಲಿಲ್ಲ. ಅವರ ಡಬ್ಬದ ತೆಂಗಿನೆಣ್ಣೆಯನ್ನು ತೆಗೆದು, ಅವರಿಗೆ ತಿಳಿಯದಂತೆ ಸೂರ್ಯಕಾಂತಿ ಎಣ್ಣೆ ತುಂಬಿದವಳು ನಾನು. ನನ್ನದು ಹಾವೇರಿ ಕಡೆಯ ಬಾಯಿ, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಇದೊಂದು ಮಾತ್ರ ಇಷ್ಟು ವರ್ಷ ನಿಂತುಬಿಟ್ಟಿತು.

ಬೆಂಗಳೂರಿನ ಅಂಚಿನ ಹೆಬ್ಬಗೋಡಿಯಲ್ಲಿ ನಮ್ಮದು ಮೇಲಿನ ಮಹಡಿಯ ಬಾಡಿಗೆ ಮನೆ. ಗಂಡ ಬೆಳ್ತಂಗಡಿ ಕಡೆಯವರು, ಲೇತ್ ಮೆಷಿನ್ನಿನ ಕೆಲಸ. ನನಗೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ. ಮಗಳು ಹುಟ್ಟಿದಾಗ ಅವಳನ್ನು ನೋಡಿಕೊಳ್ಳಲು ಬಂದ ಅತ್ತೆ ಇಲ್ಲೇ ಉಳಿದರು. ಊರಿನಿಂದ ಭಾವ ಗಾಣದ ತೆಂಗಿನೆಣ್ಣೆಯನ್ನು ಬಸ್ಸಿನಲ್ಲಿ ಕಳಿಸುತ್ತಿದ್ದರು. ಬಸಳೆಗೆ ಬೆಳ್ಳುಳ್ಳಿ ಒಗ್ಗರಣೆ, ಬಾಳೆಕಾಯಿ ಪಲ್ಯ, ಹಪ್ಪಳ — ಎಲ್ಲಕ್ಕೂ ಅದೇ. ಶೇಂಗಾ ಎಣ್ಣೆಯಲ್ಲಿ ಬೆಳೆದ ನನಗೆ ಅದು ತಲೆಗೆ ಹಚ್ಚುವ ಎಣ್ಣೆ. ಆದರೂ ಅವರ ಬಸಳೆಯನ್ನು ಬೆರಳು ನೆಕ್ಕಿ ತಿಂದಿದ್ದೇನೆ, ಅದನ್ನೂ ಹೇಳಬೇಕು.

ಇಲ್ಲಿಯ ಮೊದಲ ಚಳಿಗಾಲದಲ್ಲಿ, ಡಬ್ಬದೊಳಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತದ್ದು ನೋಡಿ ಅತ್ತೆ ಮಗುವಿನ ಹಾಗೆ ನಕ್ಕಿದ್ದರು. ಅವರ ಊರಿನ ಸೆಕೆಯಲ್ಲಿ ಹಾಗಾದದ್ದು ಕಂಡದ್ದೇ ಕಡಿಮೆ. ಅಂದಿನಿಂದ ಚಳಿ ಬಂತೆಂದರೆ ದಿನಾ ಬೆಳಿಗ್ಗೆ ಡಬ್ಬವನ್ನು ತಾರಸಿಗೆ ಒಯ್ದು, ನೀರಿನ ಟ್ಯಾಂಕಿನ ಪಕ್ಕ ಬಿಸಿಲಿಗಿಟ್ಟು, ಕರಗಿದ ಮೇಲೆ ಕೆಳಗೆ ತರುತ್ತಿದ್ದರು.

ಒಂದು ವರ್ಷ ರಕ್ತ ಪರೀಕ್ಷೆಯಲ್ಲಿ ಅವರಿಗೆ ಕೊಲೆಸ್ಟ್ರಾಲ್ ಜಾಸ್ತಿ ಎಂದು ಬಂತು. ಡಾಕ್ಟರು ಮಾತ್ರೆ ಬರೆದರು. ತೆಂಗಿನೆಣ್ಣೆ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ, ದಿನದ ಅಡುಗೆಗೆ ಬೇರೆ ಎಣ್ಣೆ ಬಳಸಿ, ಅದೂ ಮಿತವಾಗಿರಲಿ, ಅಪರೂಪಕ್ಕೊಂದು ಚಮಚ ಒಗ್ಗರಣೆಗೆ ಬೇಕಾದರೆ ಹಾಕಿಕೊಳ್ಳಲಿ ಎಂದರು. ಅವರನ್ನು ಕೂರಿಸಿಕೊಂಡು ಬಿಡಿಸಿ ಹೇಳಿ ಎಂದೂ ನನಗೆ ಹೇಳಿದರು. ಆಗ ಅತ್ತೆ ಹೊರಗೆ ಬೆಂಚಿನ ಮೇಲೆ ನನ್ನ ಮಗಳಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು.

ನಾನು ಹೇಳಲಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾರೆ, ಊರಿನ ಎಣ್ಣೆ ಬಿಡಲೊಲ್ಲರು ಎಂದು ನಾನೇ ತೀರ್ಮಾನ ಮಾಡಿದೆ. ಅದು ಅರ್ಧ ಸತ್ಯ. ಇನ್ನರ್ಧ — ಹೇಳಲು ನಾಚಿಕೆಯಾಗುತ್ತದೆ. ಗಾರ್ಮೆಂಟ್ಸಿನಲ್ಲಿ ನಾನು ಊಟದ ಡಬ್ಬಿ ಬಿಚ್ಚಿದಾಗ ಪಕ್ಕದ ಮೆಷಿನ್ನಿನವಳು, ತಲೆಗೆ ಹಾಕೋ ಎಣ್ಣೇಲಿ ಪಲ್ಯ ಮಾಡ್ತೀರಾ ಎಂದು ಮೂಗು ಮುಚ್ಚಿಕೊಂಡಿದ್ದಳು. ಸುತ್ತಲಿದ್ದವರು ನಕ್ಕಿದ್ದರು. ಆ ವಾಸನೆ ಮನೆಯಿಂದ ತೊಲಗಿದರೆ ಸಾಕಾಗಿತ್ತು ನನಗೆ. ಡಾಕ್ಟರ ಮಾತು ಒಳ್ಳೆಯ ನೆಪವಾಗಿ ಸಿಕ್ಕಿತು.

ಅತ್ತೆ ಮಗಳನ್ನು ಅಂಗನವಾಡಿಗೆ ಬಿಡಲು ಹೋದಾಗ ತೆಂಗಿನೆಣ್ಣೆಯನ್ನು ಕೆಳಗಿನ ಓನರ್ ಅಕ್ಕನಿಗೆ ದೀಪಕ್ಕೆಂದು ಕೊಟ್ಟೆ. ಡಬ್ಬಕ್ಕೆ ಸೂರ್ಯಕಾಂತಿ ಎಣ್ಣೆ ಸುರಿದು, ವಾಸನೆಗೆಂದು ಮೇಲೊಂದಿಷ್ಟು ತೆಂಗಿನೆಣ್ಣೆ ಬೆರೆಸಿದೆ. ಊರಿನಿಂದ ಎಣ್ಣೆ ಬಂದಾಗಲೆಲ್ಲ ಇದೇ ಕೆಲಸ.

ಅತ್ತೆ ಮೊದಲು ಬೆಳ್ಳುಳ್ಳಿ ಹೆಚ್ಚಿಸಿ ನೋಡಿದರು. ಆಮೇಲೆ ಇಲ್ಲಿಯ ಬಸಳೆಯೇ ಸಪ್ಪೆ ಎಂದರು, ತೆಂಗಿನಕಾಯಿ ಸರಿಯಿಲ್ಲ ಎಂದರು. ಕೊನೆಗೊಂದು ದಿನ ಸೌಟಿನಿಂದ ಅಂಗೈಗೆ ಹಾಕಿಕೊಂಡು ರುಚಿ ನೋಡಿ, ನನ್ನ ಕಡೆ ತಿರುಗಿದರು.

"ನನ್ನ ನಾಲಿಗೆ ಸತ್ತು ಹೋಯ್ತಾ ಎಂಥದು ಮಗಾ? ಬಸಳೆ ಬಸಳೆಯ ಹಾಗೆ ಇಲ್ಲ."

ಆಗಲಾದರೂ ಹೇಳಬಹುದಿತ್ತು. ನಾನು ಅಕ್ಕಿ ತೊಳೆಯುತ್ತಿದ್ದೆ. ತಲೆ ಎತ್ತದೆ ಹೇಳಿದೆ:

"ವಯಸ್ಸಾತಲ್ರೀ ಅತ್ತಿ, ಹಂಗ ಆಗತೈತಿ."

ಎಣ್ಣೆ ಬದಲಿಸಿದ್ದನ್ನಾದರೂ ನಾನು ಮರೆಯುತ್ತಿದ್ದೆನೇನೋ. ಈ ಮಾತು ಮಾತ್ರ — ಹೇಳುವಾಗ ಎಷ್ಟು ಸಲೀಸಾಗಿ ಬಂತು! ಅತ್ತೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು, ಹೌದು, ಅದೇ ಇರಬೇಕು ಎಂದರು. ಸ್ವಲ್ಪ ದಿನಕ್ಕೆ, ನನಗೆ ಅಂದಾಜು ಸಿಗುವುದಿಲ್ಲ, ಇನ್ನು ನೀನೇ ಮಾಡು ಎಂದು ಒಲೆ ನನಗೆ ಬಿಟ್ಟರು. ನೆಂಟರು ಬಂದರೆ ತಾವೇ ನಗುತ್ತಾ, ನನ್ನ ಕೈರುಚಿ ಹೋಯಿತು ಎನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ಬಡಿಸುತ್ತಿದ್ದೆ. ಮುಂದಿನ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು. ಮಾತ್ರೆಯಿಂದಲೋ ಎಣ್ಣೆಯಿಂದಲೋ — ಒಂದು ದಿನ ಬೀಗಿದೆ, ಸುಳ್ಳೇಕೆ ಹೇಳಲಿ.

ಆಮೇಲೆ ಚಳಿ ಬಂತು. ನನಗೆ ಅದರ ನೆನಪೇ ಇರಲಿಲ್ಲ, ಪೆದ್ದಿ ನಾನು. ಅತ್ತೆ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿಕೊಂಡು ಬಂದು ಡಬ್ಬದ ಮುಚ್ಚಳ ತೆಗೆದರು. ಎಣ್ಣೆ ನೀರಿನ ಹಾಗೆ ಅಲ್ಲಾಡುತ್ತಿತ್ತು. ಡಬ್ಬವನ್ನು ಓರೆ ಮಾಡಿ ಬಹಳ ಹೊತ್ತು ನೋಡಿದರು.

"ಈ ಸಲ ಚಳಿ ಕಮ್ಮಿ ಉಂಟಲ್ವಾ?" ಎಂದರು.

ಅಷ್ಟೇ. ಮುಚ್ಚಳ ಹಾಕಿ, ಡಬ್ಬವನ್ನು ಎತ್ತಿಕೊಂಡು ಎಂದಿನಂತೆ ತಾರಸಿಗೆ ಹೋಗಿ ಬಿಸಿಲಿಗಿಟ್ಟು ಬಂದರು. ಕರಗಿಯೇ ಇದ್ದ ಎಣ್ಣೆಯನ್ನು ಆ ಚಳಿಗಾಲವೆಲ್ಲ ಬಿಸಿಲಿಗಿಟ್ಟು ತಂದರು. ನಂತರದ ಚಳಿಗಾಲಗಳಲ್ಲೂ ಅಷ್ಟೇ. ಅವರಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತಿತ್ತು. ನನ್ನ ಮಾನ ಉಳಿಸಲು ಮಂಡಿನೋವಿನಲ್ಲಿ ಮೆಟ್ಟಿಲು ಹತ್ತುತ್ತಿದ್ದರು, ನಾನು ಹತ್ತಲು ಬಿಟ್ಟೆ. ಆದರೆ ಒಲೆಯ ಮುಂದೆ ಅವರು ಮತ್ತೆ ನಿಲ್ಲಲಿಲ್ಲ.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ನಿನ್ನೆ ಸಂಜೆ ಅಜ್ಜಿಯನ್ನು ಕೇಳಿದಳು, ನಿಂಗೆ ಅಡುಗೆ ಬರಲ್ವಾ ಅಂತ. ಅತ್ತೆ ಅವಳ ಜಡೆ ಹೆಣೆಯುತ್ತಿದ್ದರು.

"ಮೊದಲು ಬರ್ತಿತ್ತು ಮಗಾ," ಎಂದರು.

ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ರಾತ್ರಿ ಡಬ್ಬ ತೊಳೆದು ಒರೆಸಿ, ಊರಿನಿಂದ ಬಂದ ಎಣ್ಣೆಯನ್ನೇ ತುಂಬಿಟ್ಟೆ. ಈಗ ಬೆಳಗಾಗಿದೆ, ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಬಸಳೆ ಸೋಸಿ ಇಟ್ಟಿದ್ದೇನೆ. ಡಾಕ್ಟರು ಹೇಳಿದ್ದನ್ನೂ ಹೇಳುತ್ತೇನೆ, ಒಂದು ಚಮಚವೋ ಅರ್ಧ ಚಮಚವೋ ಅವರೇ ತೀರ್ಮಾನಿಸಲಿ. ಆದರೆ ಅದು ಆಮೇಲೆ. ಅವರು ಮುಚ್ಚಳ ತೆಗೆಯುವ ಮೊದಲೇ, ಈ ಸಲ ತಲೆ ಎತ್ತಿ, ಅವರ ಮುಖ ನೋಡಿ ಹೇಳಬೇಕು — ನಿಮ್ಮ ಕೈ ಕೆಟ್ಟಿರಲಿಲ್ಲ ಅತ್ತಿ, ಕೆಡಿಸಿದಾಕಿ ನಾನು.