ಟುಲುಮ್ ಮತ್ತು ಮೂರನೇ ಟ್ಯಾಂಕು

ನಮ್ಮ ಮನೆಯ ನೀರು ಇಪ್ಪತ್ತೇಳು ವರ್ಷ ನನ್ನ ಕೈಯಲ್ಲಿತ್ತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬವೂ ಇದೆ ಅನ್ನಿ. ಬಿಟಿಎಂ ಲೇಔಟಿನಲ್ಲಿ ಮೂರು ಮಹಡಿಯ ಕಟ್ಟಡ, ಒಂಬತ್ತು ಮನೆ. ಕೆಳಗಿನ ಒಂದರಲ್ಲಿ ನಾವು ಗಂಡ ಹೆಂಡತಿ, ಉಳಿದ ಎಂಟರಲ್ಲಿ ಬಾಡಿಗೆಯವರು. ಈ ಜಾಗದಲ್ಲಿ ನನ್ನ ಮಾವನವರು ರಾಗಿ ಬೆಳೆಯುತ್ತಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ರಾಗಿ ಹೋಗಿ ಪಾಯ ತೋಡುತ್ತಿದ್ದರು. ಆ ಪಾಯದ ಜೊತೆ ನನ್ನನ್ನೂ ಹೂತರು ಎಂದು ಸಿಟ್ಟು ಬಂದಾಗ ನಾನು ಗಂಡನಿಗೆ ಹೇಳುವುದುಂಟು.

ದಿನ ಬಿಟ್ಟು ದಿನ ಬೆಳಗ್ಗೆ ಐದೂವರೆಗೆ ಕಾವೇರಿ ನೀರು ಬರುತ್ತದೆ. ಬಂದ ಕೂಡಲೇ ಸಂಪಿನ ಮುಚ್ಚಳ ತೆಗೆದು ನೋಡಬೇಕು, ಮೋಟರ್ ಹಾಕಬೇಕು, ಟೆರೇಸಿಗೆ ಹತ್ತಬೇಕು. ಒಂದನೇ ಟ್ಯಾಂಕು ತುಂಬಿದ ಮೇಲೆ ಅದರ ವಾಲ್ವು ಮುಚ್ಚಿ ಎರಡನೆಯದನ್ನು ತೆಗೆಯಬೇಕು. ಮೂರನೇ ಮಹಡಿಗೆ ನೀರು ಕೊಡುವ ಮೂರನೇ ಟ್ಯಾಂಕಿನದು ಬೇರೆಯೇ ಕತೆ. ಅದರ ವಾಲ್ವು ಟ್ಯಾಂಕಿನ ಹತ್ತಿರ ಇಲ್ಲ, ಮೆಟ್ಟಿಲ ಕೋಣೆಯ ಹಿಂದೆ ಒಂದು ಮುರುಕು ಚಪ್ಪಡಿಯ ಕೆಳಗಿದೆ. ಪ್ಲಂಬರ್ ಮಹಾಶಯ ಯಾಕೆ ಅಲ್ಲಿ ಹಾಕಿದನೋ ಅವನಿಗೇ ಗೊತ್ತು. ತುಕ್ಕು ಹಿಡಿದು ಬಿಗಿಯಾಗಿರುತ್ತದೆ. ಹಳೇ ಬಟ್ಟೆ ಸುತ್ತಿ ಎರಡು ಕೈಯಲ್ಲಿ ತಿರುಗಿಸಬೇಕು. ಕಾವೇರಿ ಬಾರದ ದಿನ ಬೋರ್‌ವೆಲ್ ಇದೆ, ಅದಕ್ಕೂ ಇದೇ ಪೂಜೆ.

ನನ್ನ ಗಂಡನಿಗೆ ಹಾಲಿನ ಬೂತು. ನಾಲ್ಕೂವರೆಗೆ ಮನೆ ಬಿಟ್ಟರೆ ಒಂಬತ್ತಕ್ಕೆ ವಾಪಸು. ಹಾಗಾಗಿ ನೀರು ನನ್ನ ತಲೆಗೆ ಬಿತ್ತು. ಮಗಳು ಹುಟ್ಟಿದಾಗ ಬಾಣಂತನಕ್ಕೆ ತವರಿಗೆ ಹೋದದ್ದು ಬಿಟ್ಟರೆ ಒಂದು ರಾತ್ರಿಗಿಂತ ಹೆಚ್ಚು ನಾನು ಈ ಮನೆಯಿಂದ ಹೊರಗೆ ಮಲಗಿರಲಿಲ್ಲ. ಮದುವೆ, ಮುಂಜಿ, ದೇವಸ್ಥಾನ ಎಲ್ಲಕ್ಕೂ ಹೋಗುತ್ತೇನೆ, ಊಟ ಮುಗಿಯುವುದರೊಳಗೆ ಗಡಿಯಾರ ನೋಡುತ್ತೇನೆ. ಮನೆಯವರೆಲ್ಲ ಇದಕ್ಕೆ ಎಷ್ಟು ಒಗ್ಗಿಹೋಗಿದ್ದರು ಅಂದರೆ, ನನ್ನನ್ನು ಎಲ್ಲಿಗಾದರೂ ಕರೆಯುವ ಮುಂಚೆಯೇ ‘ನಿಂಗೆ ಆಗಲ್ಲ ಬಿಡು’ ಅಂದುಬಿಡುತ್ತಿದ್ದರು.

ನನ್ನನ್ನು ಕರೆದವಳು ಮೂರನೇ ಮಹಡಿಯ ಬಾಡಿಗೆಯವಳು. ಬಾಗಲಕೋಟೆ ಕಡೆಯವಳು, ನಲವತ್ತೆರಡು ವಯಸ್ಸು. ಒಂದು ಆಫೀಸಿನಲ್ಲಿ ಬೇರೆಯವರ ಪ್ರಯಾಣಕ್ಕೆ ಟಿಕೆಟ್ಟು, ವೀಸಾ ಮಾಡಿಸುವ ಕೆಲಸ. ಮದುವೆ ಆಗಿಲ್ಲ, ಆಗುವ ಆಸೆಯೂ ಇಲ್ಲ ಎಂದು ಮೊದಲ ದಿನವೇ ಹೇಳಿ ನನ್ನ ಬಾಯಿ ಕಟ್ಟಿದ್ದಳು. ಒಂದು ಸಂಜೆ ಟೆರೇಸಿನಲ್ಲಿ ನಾನು ಒಣಗಿದ ಸಂಡಿಗೆ ಎತ್ತಿಡುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತು ಫೋನು ಹಿಡಿದಳು.

“ನೋಡ್ರಿ ಅಕ್ಕಾರ. ನಮ್ಮ ಐಹೊಳಿ ಕಡೆ ಬೇಕಾದಷ್ಟು ಗುಡಿ ಅದಾವ, ಸಮುದ್ರ ಇಲ್ಲ. ಕಾರವಾರದಾಗ ಸಮುದ್ರ ಐತಿ, ದಂಡಿ ಮ್ಯಾಲ ಇಂಥಾ ಹಳೇ ಊರಿಲ್ಲ. ಇಲ್ಲಿ ಎರಡೂ ಒಂದ ಕಡೆ ಐತಿ.”

ಮೆಕ್ಸಿಕೋ ದೇಶದ ಟುಲುಮ್ ಅನ್ನುವ ಊರು. ಬಂಡೆಯ ತುದಿಯಲ್ಲಿ ಕಲ್ಲಿನ ಕಟ್ಟಡಗಳು, ಚಾವಣಿ ಬಿದ್ದುಹೋದ ಗೋಡೆಗಳು, ಅದರ ಕೆಳಗೇ ಸಮುದ್ರ. ಸಮುದ್ರಕ್ಕೆ ಅಂಥ ಬಣ್ಣ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾಯಾ ಜನ ಕಟ್ಟಿದ್ದಂತೆ, ಆಮೇಲೆ ಬಿಟ್ಟು ಹೋದರಂತೆ. ಈಗ ಆ ಕಲ್ಲುಗಳ ಮೇಲೆ ಮೊಳದುದ್ದದ ಓತಿಕೇತಗಳು ಬಿಸಿಲು ಕಾಯುತ್ತವೆ. ಅಷ್ಟು ದೊಡ್ಡ ಊರನ್ನು ಹಾಗೇ ಬಿಟ್ಟು ನಡೆದರಲ್ಲ ಎಂಬುದು ನನಗೆ ತುಂಬ ಹಿಡಿಸಿತು. ಆದರೆ ಬಾಯಿಂದ ಬಂದ ಮಾತು ಬೇರೆ.

“ಅಲ್ಲಿ ನೀರಿಗೆ ಏನ್ ಮಾಡ್ತಾರೆ?” ಅಂದೆ.

ಅವಳು ನಕ್ಕಳು ನೋಡಿ, ಸಂಡಿಗೆ ತಟ್ಟೆಯೇ ಅಲುಗಾಡಿತು. ಆಮೇಲೆ ಇನ್ನೊಂದು ಫೋಟೋ ತೋರಿಸಿದಳು. ಕಾಡಿನ ನಡುವೆ ನೆಲ ಕುಸಿದು ಒಳಗೆ ದೊಡ್ಡ ಬಾವಿ, ತಳದ ಕಲ್ಲು ಕಾಣುವಷ್ಟು ತಿಳಿ ನೀರು. ಆ ಕಡೆ ನೆಲದ ಒಳಗೆಲ್ಲ ಹೀಗೇ ನೀರಂತೆ. “ಮೋಟರ್ ಇಲ್ರಿ, ವಾಲ್ವ್ ಇಲ್ಲ. ಯಾರೂ ಬಿಡಬೇಕಾಗಿಲ್ಲ. ನಾ ಡಿಸೆಂಬರದಾಗ ಹೊಂಟೀನಿ. ಒಬ್ಬಾಕಿಗೆ ರೂಮು ದೊಡ್ಡದಾಗತೈತಿ. ನೀವೂ ಬರ್ರಿ.”

ಹುಚ್ಚು ಹಿಡಿದಿದೆಯಾ ನಿನಗೆ ಅಂದೆ. ಒಂದು ವಾರ ನಿದ್ದೆ ಬರಲಿಲ್ಲ.

ಆಮೇಲೆ ನಾಲ್ಕು ತಿಂಗಳು ಸಂಜೆ ಸಂಜೆಯೂ ಟೆರೇಸಿನಲ್ಲಿ ಅದೇ ಮಾತು. ಹಳೇ ಪುಸ್ತಕವೊಂದರಲ್ಲಿ ಅವಳು ಬರೆಯುತ್ತಿದ್ದಳು, ನಾನು ತಕರಾರು ತೆಗೆಯುತ್ತಿದ್ದೆ. ಎಲ್ಲೆಲ್ಲಿ ವಿಮಾನ ಬದಲಿಸಬೇಕು, ಅಷ್ಟು ಹೊತ್ತು ಕೂತರೆ ಕಾಲು ಊದುವುದಿಲ್ಲವೇ, ಅನ್ನ ಸಿಗುತ್ತದೆಯೇ, ಚಟ್ನಿಪುಡಿ ಒಯ್ಯಲು ಬಿಡುತ್ತಾರೆಯೇ. ಆ ಊರಿನಲ್ಲಿ ಕಡಲ ಪಕ್ಕ ಗರಿಯ ಗುಡಿಸಲುಗಳಂತೆ. ಜನ ಚಪ್ಪಲಿ ಹಾಕುವುದಿಲ್ಲ, ತಲೆ ಬಾಚುವುದಿಲ್ಲ, ಸೈಕಲ್ಲಿನಲ್ಲಿ ಓಡಾಡುತ್ತಾರೆ. ಎರಡು ಮರಕ್ಕೆ ಬಲೆಯ ತೊಟ್ಟಿಲು ಕಟ್ಟಿ ಹಗಲೆಲ್ಲ ಅದರಲ್ಲಿ ಮಲಗಿರುತ್ತಾರೆ. ಯಾರೂ ಯಾರನ್ನೂ ಏಳಿ ಅನ್ನುವುದಿಲ್ಲ. “ಮೈಗಳ್ಳರು” ಅಂದೆ. ಅಂದು, ಆ ತೊಟ್ಟಿಲಿನ ಫೋಟೋವನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವವರೆಗೆ ಅದನ್ನೇ ನೋಡುತ್ತಿದ್ದೆ. ದುಡ್ಡಿನ ಮಾತು ಬೇಡ, ಅದಕ್ಕೇನೂ ತೊಂದರೆ ಇರಲಿಲ್ಲ.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ವಿಚಾರಿಸಲು ಪೊಲೀಸಿನವರು ಮನೆಗೆ ಬಂದು, “ಎಲ್ಲಿಗಮ್ಮ ಹೋಗ್ತಿರೋದು?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ, “ಎಲ್ಲಿಗೂ ಇಲ್ಲ ಸಾರ್, ಸುಮ್ನೆ ಇರ್ಲಿ ಅಂತ” ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಪಾಸ್‌ಪೋರ್ಟು ಬಂದ ಮೇಲೆ ಅದನ್ನು ರೇಷ್ಮೆ ಸೀರೆಗಳ ಮಧ್ಯೆ ಇಟ್ಟೆ. ದಿನಕ್ಕೊಮ್ಮೆ ತೆಗೆದು ಖಾಲಿ ಹಾಳೆಗಳನ್ನು ತಿರುವಿ ಹಾಕುತ್ತಿದ್ದೆ.

ನನ್ನ ಗಂಡ ಬೇಡ ಅನ್ನಲಿಲ್ಲ, ಅದೇ ನನ್ನ ಗ್ರಹಚಾರ. ಬೇಡ ಅಂದಿದ್ದರೆ ಜಗಳವಾಡಬಹುದಿತ್ತು, ನನಗೆ ಜಗಳ ಚೆನ್ನಾಗಿ ಬರುತ್ತದೆ. ಅವರು ತಟ್ಟೆಯಿಂದ ತಲೆ ಎತ್ತದೆ “ಹೋಗ್ಬಾ” ಅಂದರು. ಮುದ್ದೆ ಮುರಿದು ಸಾರಿಗೆ ಅದ್ದಿ, “ನೀರು?” ಅಂದರು.

ಅದಕ್ಕೆ ಉತ್ತರ ಕೊಟ್ಟವಳು ಬಾಡಿಗೆಯವಳೇ. “ಟಿಕೆಟ್ ತೆಗಿಯೂಕಿಂತ ಮೊದಲ ಒಂದು ಟ್ರಯಲ್ ನೋಡ್ರಿ. ಯಜಮಾನ್ರಿಗೆ ಎಲ್ಲಾ ಕಲಿಸಿ, ಎರಡು ದಿನ ಮಗಳ ಮನ್ಯಾಗ ಇದ್ದು ಬರ್ರಿ. ನಡೀತಂದ್ರ ಹೋಗೂಣು.” ಮಗಳ ಮನೆ ಅಂಜನಾಪುರದಲ್ಲಿ. ನನ್ನ ಗಂಡ ಒಪ್ಪಿ, ಎರಡು ದಿನದ ಮಟ್ಟಿಗೆ ಬೂತಿಗೆ ತಮ್ಮನನ್ನು ಕೂರಿಸಿದರು.

ಕಲಿಸಿದ ದಿನವನ್ನು ನಾನು ಮರೆಯುವುದಿಲ್ಲ. ಸಂಪು ತೋರಿಸಿದೆ, ಮೋಟರ್ ತೋರಿಸಿದೆ, ಮೇಲೆ ಕರೆದುಕೊಂಡು ಹೋಗಿ ಒಂದನೇ ವಾಲ್ವು, ಎರಡನೇ ವಾಲ್ವು ತೋರಿಸಿದೆ. ಅವರು ಹಾಲಿನ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡರು. ಎಲ್ಲಾ ಸೇರಿ ಹತ್ತು ನಿಮಿಷ. ನನ್ನ ಇಪ್ಪತ್ತೇಳು ವರ್ಷ ಒಂದು ಚೀಟಿಯ ಒಂದು ಮಗ್ಗುಲಿನಲ್ಲಿ ಮುಗಿದುಹೋಗಿ, ಕೆಳಗೆ ಇನ್ನೂ ಜಾಗ ಉಳಿದಿತ್ತು. “ಇಷ್ಟೇನಾ?” ಅಂದರು. ಅವರು ಅವಮಾನ ಮಾಡಲು ಅಂದದ್ದಲ್ಲ. ನನಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು.

“ಮೂರನೇದು?” ಎಂದು ಕೇಳಿದರು.

“ಅದು ತಾನಾಗೇ ತುಂಬುತ್ತೆ” ಅಂದೆ.

ಯಾಕೆ ಹಾಗಂದೆ? ಆಗ ಗೊತ್ತಿರಲಿಲ್ಲ ಎಂದು ಬರೆಯಬಹುದು, ಆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಚಪ್ಪಡಿ ನನ್ನ ಕಾಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅವರು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಕೆಳಗಿಳಿದರು.

ಮಗಳ ಮನೆಯಲ್ಲಿ ಬೆಳಗ್ಗೆ ಹಾಸಿಗೆಗೇ ಕಾಫಿ ಬಂತು. ಐದೂವರೆಗೆ ಎಚ್ಚರವಾಗಿ ಚಾವಣಿ ನೋಡುತ್ತಾ ಮಲಗಿದ್ದೆ. ಮೊದಲ ದಿನ ಫೋನು ಬರಲಿಲ್ಲ, ಮೂರನೇ ಟ್ಯಾಂಕಿನಲ್ಲಿ ಹಿಂದಿನ ನೀರು ಇದ್ದಿರಬೇಕು. ನಾನು ಫೋನನ್ನು ಕೈಯಿಂದ ಬಿಡಲಿಲ್ಲ, ಸ್ನಾನಕ್ಕೂ ಒಯ್ದೆ. “ಅಮ್ಮಾ, ಸ್ವಲ್ಪ ಆರಾಮಾಗಿರು” ಎಂದು ಮಗಳು ರೇಗಿದಳು. ಎರಡನೇ ದಿನ ಹತ್ತು ಗಂಟೆಗೆ ಫೋನು ಬಂತು.

“ಮೂರನೇ ಮಹಡೀಗೆ ನೀರಿಲ್ಲ ಕಣೆ. ಎಲ್ಲಾ ನೀನು ಹೇಳ್ದಂಗೇ ಮಾಡ್ದೆ.”

ನನಗೆ ಎಂಥ ಖುಷಿಯಾಯಿತು ಅಂತೀರಿ! ನಾಚಿಕೆಯಿಲ್ಲದೆ ಹೇಳುತ್ತೇನೆ, ಮಗಳು ಹುಟ್ಟಿದಾಗ ಆದಷ್ಟು ಖುಷಿ. “ಏನೂ ಮುಟ್ಬೇಡಿ, ಬಂದೆ” ಅಂದೆ. ಮಗಳಿಗೆ “ನೋಡ್ದ್ಯಾ?” ಅಂದು ಆಟೋ ಹತ್ತಿದೆ. ಕನಕಪುರ ರಸ್ತೆಯಲ್ಲಿ ಟ್ರಾಫಿಕ್ಕು, ಬನಶಂಕರಿ ದಾಟುವಾಗ ಇನ್ನೂ ಟ್ರಾಫಿಕ್ಕು. “ಬೇಗ ಹೋಗಣ್ಣ, ಮನೇಲಿ ನಾನಿಲ್ದೆ ಆಗ್ತಿಲ್ಲ” ಎಂದು ಡ್ರೈವರಿಗೆ ಮೂರು ಸಲ ಹೇಳಿದೆ.

ಮನೆ ಮುಟ್ಟಿದಾಗ ಹನ್ನೊಂದೂವರೆ. ನನ್ನ ಗಂಡ ಟೆರೇಸಿನಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದರು, ಶರಟಿನ ತೋಳು ಒದ್ದೆಯಾಗಿತ್ತು. “ಕೆಳಗೆ ಹೋಗಿ ಮೋಟರ್ ಹಾಕಿ” ಎಂದು ಅವರನ್ನು ಅಟ್ಟಿದೆ. ಚಪ್ಪಡಿ ಎತ್ತಿ ವಾಲ್ವಿಗೆ ಕೈ ಹಾಕಿದೆ. ಬಟ್ಟೆ ಸುತ್ತುವ ಮೊದಲೇ ಅದು ಸಲೀಸಾಗಿ ತಿರುಗಿತು. ನನ್ನ ಹುರುಪಿಗೇ ಹಾಗಾಗಿರಬೇಕು ಅಂದುಕೊಂಡೆ. ಮೂರನೇ ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿಸಿತು. “ಆಂಟಿ ಇಲ್ದಿದ್ರೆ ನಮ್ಮ ಕತೆ ಮುಗೀತು ಬಿಡಿ” ಎಂದು ಮೂರನೇ ಮಹಡಿಯವರೊಬ್ಬರು ಅಂದರು. ಬಾಗಲಕೋಟೆಯವಳು ಖಾಲಿ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಬಂದ್ರ್ಯಾ ಅಕ್ಕಾರ” ಅಂದಳು, ಅಷ್ಟೇ.

ಆ ವಾರ ಅವಳಿಗೆ ಹೇಳಿದೆ, “ನೀನೇ ನೋಡಿದ್ಯಲ್ಲಮ್ಮ, ಈ ನೀರಿನ ತಾಪತ್ರಯದಲ್ಲಿ ನಾನೆಲ್ಲಿ ಬರ್ಲಿ?” ಅವಳು ಒತ್ತಾಯ ಮಾಡಲಿಲ್ಲ. ಡಿಸೆಂಬರಿನಲ್ಲಿ ಒಬ್ಬಳೇ ಹೋದಳು. ಅಲ್ಲಿಂದ ಫೋಟೋ ಕಳಿಸಿದಳು. ಅದೇ ಮುರುಕು ಗೋಡೆ, ಅದೇ ಸಮುದ್ರ, ಒಂದು ಓತಿಕೇತ, ತಲೆ ಬಾಚದ ಇವಳು. ನಾನು ಒಂದನೇ ಟ್ಯಾಂಕಿಗೆ ಒರಗಿ ನೋಡಿದೆ. ಅತ್ತುಬಿಟ್ಟೆ. ಎರಡನೇ ಟ್ಯಾಂಕು ಉಕ್ಕಿ ಹರಿದು ಕಾಲು ಒದ್ದೆಯಾದಾಗ ಎಚ್ಚರವಾಯಿತು.

ಆ ಸುಳ್ಳು ಒಂದು ವರ್ಷದ ಹತ್ತಿರ ಹತ್ತಿರ ನನ್ನೊಳಗೇ ಇತ್ತು. ಕೊನೆಗೆ ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಹೇಳಿಯೇ ಬಿಡುತ್ತೇನೆ ಎಂದು ಗಂಡನನ್ನು ಮೇಲೆ ಕರೆದುಕೊಂಡು ಹೋದೆ. ಮೆಟ್ಟಿಲ ಕೋಣೆಯ ಹಿಂದೆ ನಿಂತು, “ಒಂದು ತೋರಿಸ್ಬೇಕು ನಿಮಗೆ” ಅಂದು ಚಪ್ಪಡಿಗೆ ಬಗ್ಗಿದೆ.

“ಗೊತ್ತು” ಅಂದರು.

“ಏನ್ ಗೊತ್ತು?”

“ಆ ವಾಲ್ವು. ಅವತ್ತೇ ಸಿಕ್ತು. ನಿಂಗೆ ಫೋನ್ ಮಾಡಿ ಅರ್ಧ ಗಂಟೆ ಆಗಿತ್ತು. ಪೈಪ್ ನೋಡ್ಕೊಂಡ್ ನೋಡ್ಕೊಂಡ್ ಬಂದೆ, ಸಿಕ್ತು. ತಿರುಗಿಸ್ದೆ, ನೀರು ಹೋಯ್ತು.”

“ಮತ್ತೆ?”

“ಮತ್ತೆ ಮುಚ್ಚಿಟ್ಟೆ.”

“ಯಾಕ್ರೀ?”

“ನೀನು ಬಂದು, ಎಲ್ಲಾ ಸರಿಯಾಗಿದೆ ಅಂತ ನೋಡಿದ್ರೆ, ಹೋಗ್ಬಿಡ್ತಿದ್ದೆ” ಅಂದರು.

ನಾನು ಕೂಗಾಡಿದ್ದು ರಸ್ತೆಗೆ ಕೇಳಿಸಿರಬೇಕು. ನೀವು ಮನುಷ್ಯರಾ, ನನ್ನನ್ನು ಕಟ್ಟಿ ಹಾಕಿದಿರಿ, ನನ್ನ ಜನ್ಮ ಈ ಸಂಪಿನ ಪಕ್ಕದಲ್ಲೇ ಹೋಯಿತು ಅಂದೆ. ಅಂದದ್ದೆಲ್ಲ ನಿಜವೇ. ನನ್ನ ಪಾಲಿನದನ್ನು ಮಾತ್ರ ಹೇಳಲಿಲ್ಲ. ಹೇಳಲು ಹತ್ತಿದವಳು ಹೇಳದೆಯೇ ಇಳಿದೆ. ನಾಲ್ಕು ದಿನ ಮಾತು ಬಿಟ್ಟೆ. ತಟ್ಟೆಯನ್ನು ಅವರ ಮುಂದೆ ಕುಕ್ಕಿ ಒಳಗೆ ಹೋಗುತ್ತಿದ್ದೆ. ಪಾಪ, ಅವರು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಐದನೇ ದಿನ, “ತಪ್ಪು ನಂದೇ ಕಣೆ. ನೀನೇನೋ ಮರೆತಿದ್ದೆ, ನಾನು ಬೇಕಂತ ಮಾಡ್ದೆ. ಈ ಸಲ ಹೋಗ್ಬಾ. ನೀರು ನಾನು ನೋಡ್ಕೋತೀನಿ” ಅಂದರು.

ಹೇಳಿದ ಹಾಗೇ ಮಾಡಿದರು. ಬೂತನ್ನು ತಮ್ಮನಿಗೆ ಬಿಟ್ಟುಕೊಟ್ಟರು. ಈಗ ಬೆಳಗ್ಗೆ ಐದೂವರೆಗೆ ಮೋಟರ್ ಹಾಕುವವರು ಅವರು. ನಾನು ಹಾಸಿಗೆಯಲ್ಲಿ ಮಲಗಿ ಮೇಲಿನ ಸದ್ದುಗಳನ್ನು ಎಣಿಸುತ್ತೇನೆ. ಒಂದನೇದು, ಎರಡನೇದು, ಚಪ್ಪಡಿ, ಮೂರನೇದು. ಎಲ್ಲಾದರೂ ತಪ್ಪುತ್ತಾರಾ ಎಂದು ಕಾಯುತ್ತೇನೆ, ತಪ್ಪುವುದಿಲ್ಲ. ಇಷ್ಟು ವರ್ಷ ಉಸಿರು ಕಟ್ಟಿಸಿದ ಮನೆ ಈಗ ಬಾಗಿಲು ತೆರೆದು ನಿಂತಿದೆ, ನನಗೆ ಇನ್ನೂ ಹೆಚ್ಚು ಉಸಿರು ಕಟ್ಟುತ್ತಿದೆ.

ಮೊನ್ನೆ ಭಾನುವಾರ ಮೆಟ್ಟಿಲಲ್ಲಿ ಬಾಗಲಕೋಟೆಯವಳು ಎದುರಾದಳು. “ಅಕ್ಕಾರ, ಡಿಸೆಂಬರದಾಗ ಮತ್ತ ಹೊಂಟೀನಿ. ಈ ಸಲ ಬರ್ತೀರಲ್ಲಾ? ನಿಮ್ಮ ತೊಟ್ಟಿಲು ನೋಡಿ ಬಂದೀನಿ” ಎಂದು ನಕ್ಕಳು. ಅದೇ ಹೊತ್ತಿಗೆ ನನ್ನ ಗಂಡ ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಟೆರೇಸಿನಿಂದ ಇಳಿದು ಬರುತ್ತಿದ್ದರು.

“ನೋಡೋಣ ಕಣಮ್ಮ” ಅಂದೆ. “ನೀರಿಂದೇ ಯೋಚನೆ.”

ಅವರು ಅಲ್ಲೇ ನಿಂತರು. ನನ್ನ ಮುಖವನ್ನೇ ನೋಡಿದರು. ಆಮೇಲೆ ನಮ್ಮಿಬ್ಬರ ಮಧ್ಯೆ ದಾರಿ ಮಾಡಿಕೊಂಡು ಎರಡು ಮೆಟ್ಟಿಲು ಇಳಿದು ತಿರುಗಿದರು.

“ಅವತ್ತು ಮೂರನೇದು ಅಂತ ನಾನು ಕೇಳಿದ್ದೆ” ಅಂದರು ಮೆಲ್ಲಗೆ. “ತಾನಾಗೇ ತುಂಬುತ್ತೆ ಅಂದಿದ್ದೆ ಅಲ್ವಾ ನೀನು.”