ಹಣ ಎಲ್ಲಿಂದ ಬಂತು?

ಮನೆಮನೆಯ ನೀರಿನ ಮೀಟರ್ ನೋಡಿ ಬಿಲ್ ಬರೆಯುವ ನಮ್ಮ ಮೀಟರಣ್ಣ ಯಾರ ಮನೆಯಲ್ಲೂ ಒಂದು ಲೋಟ ಚಹಾ ಕೂಡ ಮುಟ್ಟಿದವನಲ್ಲ. ಅಂಥವನಿಗೆ ನೋಟಿಸ್ ಬಂತು: ಆಸ್ತಿ ವಿವರದಲ್ಲಿ ಒಂದು ಮನೆ ಮುಚ್ಚಿಟ್ಟಿದ್ದೀರಿ, ತಿಂಗಳೊಳಗೆ ತಿದ್ದುಪಡಿ ಕೊಟ್ಟು ದಂಡ ಕಟ್ಟಿ, ಇಲ್ಲವಾದರೆ ಅಮಾನತು.

ಮುಚ್ಚಿಡಲು ಅವನಿಗೆ ಪುರುಸೊತ್ತಾದರೂ ಎಲ್ಲಿತ್ತು! ವರ್ಷವರ್ಷವೂ ಹಳೆಯ ವಿವರವನ್ನೇ ನಕಲು ಹೊಡೆದು, ತಾರೀಖು ಬದಲಿಸಿ ಕೊಡುವುದು ನಮ್ಮ ಕಚೇರಿಯ ರೂಢಿ. ಆ ಒಂದು ಕೋಣೆಯ ಮನೆ ನಿಜಕ್ಕೂ ಅವನ ಅಕ್ಕನದು. ಬಟ್ಟೆ ಹೊಲಿದು ಹೊಲಿದು ಕೊಂಡದ್ದು. ತನ್ನ ಹೆಸರಿನಲ್ಲಿದ್ದರೆ ಕುಡುಕ ಗಂಡ ಹೊಡೆದು ಬಡಿದು ಮಾರಿಸುತ್ತಾನೆಂದು ತಮ್ಮನ ಹೆಸರಿಗೆ ಬರೆಸಿದ್ದಳು.

“ತಿದ್ದುಪಡಿ ತಾನೇ? ಬರೆದು ಬಿಸಾಕು” ಎಂದೆ ನಾನು, ದೊಡ್ಡ ಬುದ್ಧಿವಂತನ ಹಾಗೆ. ಅವನು ನಮೂನೆಯ ಒಂದು ಸಾಲಿನ ಮೇಲೆ ಬೆರಳಿಟ್ಟ. ‘ಹಣ ಎಲ್ಲಿಂದ ಬಂತು?’

“ಅಕ್ಕನ ದುಡ್ಡು ಅಂತ ಬರೀಲಾ ಸಾರ್?” ಎಂದು ಮೇಲ್ವಿಚಾರಕರನ್ನು ಕೇಳಿದ.

“ಬರಿಯಪ್ಪ. ಅವಳ ದುಡ್ಡು, ನಿನ್ನ ಹೆಸರು. ಬೇನಾಮಿ ಅಂತ ಮನೇನೇ ಸರ್ಕಾರ ಕಿತ್ಕೊಳ್ಳುತ್ತೆ.”

“ನನ್ನ ದುಡ್ಡು ಅಂದ್ರೆ?”

“ದಂಡ ಕಟ್ಟಿದ್ರೆ ಮುಗೀತು. ಆದ್ರೆ ಪ್ರಮಾಣ ಮಾಡಿ ಬರ್ಕೊಟ್ಟ ಮೇಲೆ ಮನೆ ನಿಂದೇ. ನಾಳೆ ಅಕ್ಕಂದು ಅಂದ್ಯೋ, ಸುಳ್ಳು ಪ್ರಮಾಣ, ನೇರ ಜೈಲು.”

ಅಕ್ಕನಿಗೇ ದಾನ ಬರೆದುಕೊಡೋಣವೆಂದರೆ ಭಾವ ಬಾಗಿಲಲ್ಲೇ ಕಾದು ಕೂತಿದ್ದಾನೆ. ಮೀಟರಣ್ಣ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟ. ನನಗೋ ಮೈಯೆಲ್ಲ ಉರಿ. ಸಾಲುಸಾಲು ಮನೆ ಮಾಡಿದ ದೊಡ್ಡವರು ಲೆಕ್ಕಿಗರನ್ನಿಟ್ಟುಕೊಂಡು ನುಣುಚಿಕೊಂಡರು, ಸಿಕ್ಕಿಬಿದ್ದವನು ಈ ಪಾಪದವನು. ಥೂ!

ಕೊನೆಗೆ ಅಕ್ಕನೇ ಹೇಳಿದಳಂತೆ: “ನಿಂದು ಅಂತ್ಲೇ ಬರಿಯೋ. ಕೆಲ್ಸ ಕಳ್ಕೊಂಡು ಮಕ್ಕಳನ್ನ ಬೀದಿಗೆ ಹಾಕ್ತೀಯಾ?”

ಬರೆದ. ದಂಡ ಕಟ್ಟಿದ. ರಸೀದಿ ತೋರಿಸಲು ಅಕ್ಕ ವಾಸವಿದ್ದ ಅದೇ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಅಕ್ಕ ಹೊಲಿಗೆ ಮಷಿನ್ನಿನಿಂದ ತಲೆ ಎತ್ತಲಿಲ್ಲ.

“ಬಾಡಿಗೆ ಎಷ್ಟು ಕೊಡ್ಲಪ್ಪ?”

ತಮಾಷೆಯೆಂದು ನಾನು ನಕ್ಕೆ. ಅವಳು ನಗಲಿಲ್ಲ.

“ಏನಕ್ಕಾ ಇದು? ನಾನು ನಿನ್ನ ಹತ್ರ ಬಾಡಿಗೆ ತಗೊಳ್ಳೋದಾ!”

“ನಿನ್ನ ಮೇಲೆ ಅನುಮಾನ ಅಲ್ವೋ. ನೀನೇ ಇಲ್ಲದ ದಿನ ನಿನ್ನ ಹೆಂಡತಿ ಮಕ್ಕಳು ಖಾಲಿ ಮಾಡು ಅಂದ್ರೆ ನಾನೇನು ತೋರಿಸ್ಲಿ? ಬಾಡಿಗೆಯವಳನ್ನ ಹಂಗೆಲ್ಲ ಎತ್ತಿ ಹೊರಗೆ ಹಾಕಕ್ಕಾಗಲ್ವಂತೆ. ಚೀಟಿ ಬರ್ಕೊಡು.”

ಅವನು ನನ್ನ ಮುಖ ನೋಡಿದ. ಅವಳ ಕಾಲ ಬುಡದಲ್ಲೇ ಕೂತು, ತನ್ನನ್ನು ಎತ್ತಿ ಆಡಿಸಿದ ಅಕ್ಕನ ಹೆಸರಿನ ಮುಂದೆ ‘ಬಾಡಿಗೆದಾರಳು’ ಎಂದು ಬರೆದುಕೊಟ್ಟ.